ಜಮಖಂಡಿಯಲ್ಲಿ ಕಂಡ ಕಿತ್ತಳೆ ಗೆರೆ: ಮೂಲಧಾತುಗಳು ತಮ್ಮದೇ ಬಣ್ಣ ಹೊರಸೂಸುವುದು, ಹೀರುವುದು ಹೇಗೆ?

1868ರ ಆಗಸ್ಟ್ 18ರಂದು ಭಾರತದ ಮೇಲೆ ಸಂಪೂರ್ಣ ಸೂರ್ಯಗ್ರಹಣವೊಂದು ಹಾದುಹೋಯಿತು. ಅದನ್ನು ನೋಡಲು ಲಂಡನ್ನಿನ ರಾಯಲ್ ಸೊಸೈಟಿಯ ಪರವಾಗಿ ಲೆಫ್ಟಿನೆಂಟ್ ಜಾನ್ ಹರ್ಷಲ್ ಜಮಖಂಡಿಗೆ ಬಂದಿದ್ದರು. ಈಗ ಬಾಗಲಕೋಟೆ ಜಿಲ್ಲೆಯಲ್ಲಿರುವ ಈ ಊರು ಆಗ ಪಟವರ್ಧನ ಮನೆತನದ ಸಂಸ್ಥಾನ. ಹರ್ಷಲ್ ಎಂದರೆ ಯುರೇನಸ್ ಗ್ರಹವನ್ನು ಪತ್ತೆಹಚ್ಚಿದ ವಿಲಿಯಂ ಹರ್ಷಲ್ ಅವರ ಮೊಮ್ಮಗ.

ಚಂದ್ರ ಸೂರ್ಯನನ್ನು ಪೂರ್ತಿ ಮುಚ್ಚಿದಾಗ ಅಂಚಿನಲ್ಲಿ ಕೆಂಪು ಜ್ವಾಲೆಯಂಥ ಚಾಚುಗಳು ಕಾಣುತ್ತವೆ. ಅವುಗಳ ಬೆಳಕನ್ನು ಹರ್ಷಲ್ ಸ್ಪೆಕ್ಟ್ರೋಸ್ಕೋಪ್‌ನಲ್ಲಿ ನೋಡಿದರು. ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ತೋರಿಸುವ ಉಪಕರಣ ಅದು. ಅದರಲ್ಲಿ ಕಾಮನಬಿಲ್ಲು ಕಾಣಬೇಕಿತ್ತು. ಆದರೆ ಕಂಡದ್ದು ಹೊಳೆಯುವ ಮೂರು ಗೆರೆಗಳು. ಒಂದು ಕೆಂಪು, ಒಂದು ಕಿತ್ತಳೆ, ಒಂದು ನೀಲಿ. ತಮ್ಮ ಉಪಕರಣದ ಶಕ್ತಿಯ ಮಟ್ಟಿಗೆ ಹೇಳುವುದಾದರೆ ಕಿತ್ತಳೆ ಗೆರೆ ಸೋಡಿಯಂನದ್ದೇ ಎಂದು ಅವರು ವರದಿ ಬರೆದರು.

ಅದು ಸೋಡಿಯಂ ಆಗಿರಲಿಲ್ಲ. ಭೂಮಿಯ ಮೇಲೆ ಅಲ್ಲಿಯವರೆಗೆ ಯಾರೂ ಕಂಡಿರದ ಧಾತುವೊಂದರ ಗೆರೆ ಅದು. ನಾವೀಗ ಅದನ್ನು ಹೀಲಿಯಂ ಎನ್ನುತ್ತೇವೆ.

ಅಷ್ಟು ದೂರದ ಸೂರ್ಯನಲ್ಲಿ ಏನಿದೆ ಎಂಬುದನ್ನು ಒಂದು ಗೆರೆ ಹೇಗೆ ಹೇಳುತ್ತದೆ? ಗ್ರಹಣದ ವೇಳೆ ಹೊಳೆದ ಈ ಕಿತ್ತಳೆ ಗೆರೆ ಉಳಿದ ದಿನಗಳ ಸಾಮಾನ್ಯ ಬಿಸಿಲಿನಲ್ಲಿ ಏಕೆ ಸಿಗುವುದಿಲ್ಲ? ಎರಡಕ್ಕೂ ಉತ್ತರ ಇರುವುದು ಪರಮಾಣುವಿನ ಒಳಗೆ.

ಒಲೆಯ ಮೇಲೆ ಸಾರು ಉಕ್ಕಿದರೆ

ಗ್ಯಾಸ್ ಒಲೆಯ ಮೇಲಿಟ್ಟ ಸಾರು ಉಕ್ಕಿ ಚೆಲ್ಲಿದಾಗ ನೀಲಿ ಉರಿ ತಟ್ಟನೆ ಹಳದಿಯಾಗುವುದನ್ನು ನೀವು ನೋಡಿರುತ್ತೀರಿ. ಉಪ್ಪಿನಲ್ಲಿರುವ ಸೋಡಿಯಂನ ಕೆಲಸ ಅದು. ಎಲ್‌ಇಡಿ ಬರುವ ಮೊದಲು ಮುಂಬೈ, ಪುಣೆ, ಹೈದರಾಬಾದ್ ರಸ್ತೆಗಳನ್ನು ಬೆಳಗುತ್ತಿದ್ದ ಹಳದಿ ದೀಪಗಳಲ್ಲಿ ಇದ್ದದ್ದೂ ಇದೇ ಸೋಡಿಯಂ.

ಉರಿಗೆ ಹಾಕಿದ ವಸ್ತುವಿನ ಬಣ್ಣ ನೋಡಿ ಧಾತು ಗುರುತಿಸುವ ಕೆಲಸವನ್ನು ಶಾಸ್ತ್ರೀಯವಾಗಿ ಮಾಡಿದವರು ಜರ್ಮನಿಯ ಹೈಡೆಲ್‌ಬರ್ಗ್‌ನ ರಾಬರ್ಟ್ ಬುನ್ಸೆನ್ ಮತ್ತು ಗುಸ್ತಾವ್ ಕಿರ್ಕಾಫ್. ಶಾಲೆಯ ಲ್ಯಾಬ್‌ನಲ್ಲಿ ನೋಡಿದ ಬುನ್ಸೆನ್ ಬರ್ನರ್ ನೆನಪಿದೆಯಲ್ಲ, ಅದೇ ಬುನ್ಸೆನ್. ಆ ಬರ್ನರ್‌ನ ಉರಿಗೆ ತನ್ನದೇ ಆದ ಬಣ್ಣ ಹೆಚ್ಚಿಲ್ಲದ್ದರಿಂದ ಅದರಲ್ಲಿ ಹಾಕಿದ ವಸ್ತುವಿನ ಬಣ್ಣ ಸ್ಪಷ್ಟವಾಗಿ ಕಾಣುತ್ತಿತ್ತು. 1859ರ ಸುಮಾರಿಗೆ ಇಬ್ಬರೂ ಸೇರಿ ಒಂದೊಂದೇ ಲವಣವನ್ನು ಉರಿಗೆ ಹಿಡಿದು, ಬೆಳಕನ್ನು ಪ್ರಿಸಂ ಮೂಲಕ ಹಾಯಿಸಿ ನೋಡಿದರು. ಪ್ರತಿ ಧಾತುವಿಗೂ ಅದರದ್ದೇ ಗೆರೆಗಳು, ಯಾವಾಗಲೂ ಅದೇ ಜಾಗದಲ್ಲಿ. ಈ ದಾರಿಯಲ್ಲೇ 1860ರಲ್ಲಿ ಸೀಸಿಯಂ, 1861ರಲ್ಲಿ ರುಬಿಡಿಯಂ ಎಂಬ ಎರಡು ಹೊಸ ಧಾತುಗಳು ಅವರಿಗೆ ಸಿಕ್ಕವು. ಒಂದರ ಹೆಸರಿಗೆ ಲ್ಯಾಟಿನ್‌ನಲ್ಲಿ ಆಕಾಶನೀಲಿ ಎಂಬ ಅರ್ಥ, ಇನ್ನೊಂದಕ್ಕೆ ಕಡುಗೆಂಪು. ಗೆರೆಗಳ ಬಣ್ಣವೇ ಹೆಸರಾಯಿತು.

ಸೋಡಿಯಂನ ಹಳದಿಯನ್ನು ಚೆನ್ನಾಗಿ ಬಿಡಿಸಿ ನೋಡಿದರೆ ಒಂದಕ್ಕೊಂದು ಅಂಟಿದಂತಿರುವ ಎರಡು ಗೆರೆಗಳು ಕಾಣುತ್ತವೆ. ಅವುಗಳ ತರಂಗಾಂತರ 589.0 ಮತ್ತು 589.6 ನ್ಯಾನೊಮೀಟರ್. ಒಂದು ನ್ಯಾನೊಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು. ಈ ಜೋಡಿಯನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಬಿಸಿಲಿನಲ್ಲಿ ಕಪ್ಪು ಗೆರೆ

ಇದಕ್ಕೂ ಸುಮಾರು 45 ವರ್ಷ ಮೊದಲು ಬವೇರಿಯಾದ ಜೋಸೆಫ್ ಫ್ರೌನ್‌ಹೋಫರ್ ಸೂರ್ಯನ ಬೆಳಕಿನ ಏಳು ಬಣ್ಣಗಳ ನಡುವೆ ಐನೂರಕ್ಕೂ ಹೆಚ್ಚು ಕಪ್ಪು ಗೆರೆಗಳನ್ನು ಕಂಡಿದ್ದರು. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವರಲ್ಲ, ಗಾಜು ಉಜ್ಜುವ ಕಸುಬಿನವರು. ಚಿಕ್ಕಂದಿನಲ್ಲೇ ಅನಾಥರಾಗಿ, 1801ರಲ್ಲಿ ಕೆಲಸದ ಮನೆ ಕುಸಿದಾಗ ಅವಶೇಷಗಳಡಿ ಸಿಕ್ಕಿ ಬದುಕಿ ಬಂದವರು. ಗೆರೆಗಳು ಏಕಿವೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಮುಖ್ಯವಾದವಕ್ಕೆ ಎ, ಬಿ, ಸಿ, ಡಿ ಎಂದು ಹೆಸರಿಟ್ಟು, ಜಾಗ ಅಳೆದು ನಕ್ಷೆ ಮಾಡಿದರು. ಹಳದಿ ಭಾಗದಲ್ಲಿದ್ದ ಡಿ ಎಂಬ ಕಪ್ಪು ಜೋಡಿ, ಉಪ್ಪಿನ ಉರಿಯ ಹಳದಿ ಜೋಡಿ ಇರುವ ಜಾಗದಲ್ಲೇ ಇತ್ತು.

ಕಿರ್ಕಾಫ್ ಇಲ್ಲಿ ಒಂದು ಸರಳ ಪ್ರಯೋಗ ಮಾಡಿದರು. ಬಿಸಿಲನ್ನು ಉಪ್ಪಿನ ಉರಿಯ ಮೂಲಕ ಹಾಯಿಸಿದರು. ಉರಿಯ ಹಳದಿ ಸೇರಿ ಕಪ್ಪು ಗೆರೆ ತುಂಬಿಹೋಗಬೇಕು ಎಂದು ನಮಗೆ ಅನಿಸುತ್ತದೆ. ಆಗಿದ್ದು ಅದಕ್ಕೆ ತದ್ವಿರುದ್ಧ, ಗೆರೆ ಇನ್ನಷ್ಟು ಕಪ್ಪಾಯಿತು. ಸೋಡಿಯಂ ಯಾವ ಬಣ್ಣವನ್ನು ಹೊರಸೂಸುತ್ತದೋ ಅದೇ ಬಣ್ಣವನ್ನು ಹೀರುತ್ತದೆ. ಅಂದರೆ ಸೂರ್ಯನ ಹೊರಪದರದಲ್ಲಿ ಸೋಡಿಯಂ ಇದೆ.

1835ರಲ್ಲಿ ಫ್ರಾನ್ಸ್‌ನ ತತ್ವಜ್ಞಾನಿ ಆಗಸ್ಟ್ ಕೋಂಟ್, ನಕ್ಷತ್ರಗಳು ಯಾವ ವಸ್ತುವಿನಿಂದ ಆಗಿವೆ ಎಂಬುದನ್ನು ಮನುಷ್ಯ ಎಂದೂ ತಿಳಿಯಲಾರ ಎಂದು ಬರೆದಿದ್ದರು. ಆ ಮಾತಿಗೆ 25 ವರ್ಷವೂ ಆಯಸ್ಸು ಸಿಗಲಿಲ್ಲ.

ಎಲೆಕ್ಟ್ರಾನ್ ನಿಲ್ಲುವ ಮೆಟ್ಟಿಲುಗಳು

ಯಾವ ಗೆರೆ ಯಾರದ್ದು ಎಂಬುದು ಗೊತ್ತಾಯಿತು. ಏಕೆ ಎಂಬುದು ಗೊತ್ತಾಗಲು 1913 ಬರಬೇಕಾಯಿತು.

ಪರಮಾಣುವಿನ ನಡುವೆ ಧನ ವಿದ್ಯುದಂಶದ ನ್ಯೂಕ್ಲಿಯಸ್ ಇದೆ ಎಂದು 1911ರಲ್ಲಿ ಅರ್ನೆಸ್ಟ್ ರುದರ್‌ಫೋರ್ಡ್ ತೋರಿಸಿದ್ದರು. ಅದರ ಸುತ್ತ ಎಲೆಕ್ಟ್ರಾನ್‌ಗಳು. ಆದರೆ ಹಳೆಯ ಭೌತಶಾಸ್ತ್ರದ ಲೆಕ್ಕದಲ್ಲಿ ಸುತ್ತುವ ಎಲೆಕ್ಟ್ರಾನ್ ಸತತವಾಗಿ ಬೆಳಕು ಚೆಲ್ಲುತ್ತಾ ಕ್ಷಣದ ಅತಿಸಣ್ಣ ಭಾಗದಲ್ಲೇ ನ್ಯೂಕ್ಲಿಯಸ್‌ಗೆ ಬಿದ್ದುಹೋಗಬೇಕು. ಹಾಗಾಗುತ್ತಿದ್ದರೆ ನಾವೂ ಇರುತ್ತಿರಲಿಲ್ಲ, ಈ ಲೇಖನವೂ ಇರುತ್ತಿರಲಿಲ್ಲ.

ಡೆನ್ಮಾರ್ಕ್‌ನ ನೀಲ್ಸ್ ಬೋರ್ ಹೇಳಿದ್ದು ಇಷ್ಟು: ಎಲೆಕ್ಟ್ರಾನ್‌ಗೆ ಎಲ್ಲೆಂದರಲ್ಲಿ ಇರುವ ಸ್ವಾತಂತ್ರ್ಯವಿಲ್ಲ. ಅದಕ್ಕೆ ಕೆಲವೇ ಶಕ್ತಿ ಮಟ್ಟಗಳಿವೆ. ಮೆಟ್ಟಿಲಿನಂತೆ ಒಂದರ ಮೇಲೆ ನಿಲ್ಲಬಹುದು, ಮುಂದಿನದಕ್ಕೆ ಜಿಗಿಯಬಹುದು, ನಡುವೆ ನಿಲ್ಲುವಂತಿಲ್ಲ. ಮೇಲಿನ ಮೆಟ್ಟಿಲಿನಿಂದ ಕೆಳಗೆ ಬಂದಾಗ ಎರಡರ ನಡುವಿನ ವ್ಯತ್ಯಾಸದಷ್ಟು ಶಕ್ತಿ ಒಂದು ಬೆಳಕಿನ ಕಣವಾಗಿ, ಅಂದರೆ ಫೋಟಾನ್ ಆಗಿ ಹೊರಬೀಳುತ್ತದೆ. ಮೇಲೆ ಹತ್ತಬೇಕೆಂದರೆ ಅಷ್ಟೇ ಶಕ್ತಿಯ ಫೋಟಾನ್ ಬೇಕು. ಚೂರು ಕಡಿಮೆಯಾದರೂ ಆಗದು, ಚೂರು ಹೆಚ್ಚಾದರೂ ಆಗದು. ಹೊರಸೂಸುವ ಬಣ್ಣ ಮತ್ತು ಹೀರುವ ಬಣ್ಣ ಒಂದೇ ಆಗಿರುವುದು ಇದರಿಂದಲೇ. ಇಳಿದರೂ ಹತ್ತಿದರೂ ಮೆಟ್ಟಿಲಿನ ಎತ್ತರ ಅದೇ ತಾನೆ?

ಹೈಡ್ರೋಜನ್‌ನ ಲೆಕ್ಕವನ್ನು ಮೊಬೈಲ್ ಕ್ಯಾಲ್ಕುಲೇಟರ್‌ನಲ್ಲೇ ಮಾಡಬಹುದು. ಶಕ್ತಿಯನ್ನು ಎಲೆಕ್ಟ್ರಾನ್ ವೋಲ್ಟ್‌ನಲ್ಲಿ ಅಳೆಯುತ್ತಾರೆ. ಪರಮಾಣು ಲೋಕದ ಚಿಲ್ಲರೆ ನಾಣ್ಯ ಎಂದುಕೊಳ್ಳಿ. ಹೈಡ್ರೋಜನ್‌ನ ತಳದ ಮೆಟ್ಟಿಲಿನಿಂದ ಎರಡನೆಯದು 10.2 ಎಲೆಕ್ಟ್ರಾನ್ ವೋಲ್ಟ್ ಎತ್ತರದಲ್ಲಿದೆ, ಮೂರನೆಯದು 12.09, ನಾಲ್ಕನೆಯದು 12.75. ಮೇಲೆ ಹೋದಂತೆ ಮೆಟ್ಟಿಲುಗಳು ಗಿಡ್ಡವಾಗುತ್ತವೆ. 13.6 ದಾಟಿದರೆ ಎಲೆಕ್ಟ್ರಾನ್ ಪರಮಾಣುವನ್ನೇ ಬಿಟ್ಟುಹೋಗುತ್ತದೆ. ಮೂರನೆಯದರಿಂದ ಎರಡನೆಯದಕ್ಕೆ ಇಳಿದರೆ ವ್ಯತ್ಯಾಸ 1.89. ಈಗ 1240 ಅನ್ನು 1.89ರಿಂದ ಭಾಗಿಸಿ. ಸಿಗುವ 656 ನ್ಯಾನೊಮೀಟರೇ ಜಮಖಂಡಿಯಲ್ಲಿ ಕಂಡ ಕೆಂಪು ಗೆರೆ. ನಾಲ್ಕರಿಂದ ಎರಡಕ್ಕೆ 2.55, ಭಾಗಿಸಿದರೆ 486. ಅದು ಹರ್ಷಲ್ ಕಂಡ ನೀಲಿ ಗೆರೆ.

ಹೈಡ್ರೋಜನ್ ಗೆರೆಗಳ ನಡುವೆ ಒಂದು ಗಣಿತದ ನಂಟು ಇದೆ ಎಂಬುದನ್ನು 1885ರಲ್ಲೇ ಹಿಡಿದವರು ಸ್ವಿಟ್ಜರ್‌ಲೆಂಡ್‌ನ ಬಾಸೆಲ್‌ನಲ್ಲಿ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಯೋಹಾನ್ ಬಾಮರ್. ಆಗ ಅವರಿಗೆ 60 ವರ್ಷ. ಬರೀ ಅಂಕಿಗಳ ಒಗಟು ಬಿಡಿಸಿದಂತೆ ಸಿಕ್ಕ ಆ ಸೂತ್ರದ ಹಿಂದಿನ ಕಾರಣವನ್ನು ಹೇಳಿದ್ದು ಬೋರ್.

ಮೆಟ್ಟಿಲುಗಳೇ ಏಕೆ, ಇಳಿಜಾರು ಏಕಿಲ್ಲ? ಎಲೆಕ್ಟ್ರಾನ್ ಅಲೆಯಂತೆಯೂ ವರ್ತಿಸುತ್ತದೆ ಎಂಬುದು 1920ರ ದಶಕದಲ್ಲಿ ತಿಳಿಯಿತು. ವೀಣೆಯ ತಂತಿಯನ್ನು ಎರಡೂ ತುದಿಯಲ್ಲಿ ಬಿಗಿದಾಗ ಅದು ಕೆಲವೇ ಬಗೆಯಲ್ಲಿ ಕಂಪಿಸಬಲ್ಲದು. ನ್ಯೂಕ್ಲಿಯಸ್‌ನ ಸೆಳೆತಕ್ಕೆ ಸಿಕ್ಕ ಎಲೆಕ್ಟ್ರಾನ್ ಅಲೆಯೂ ಹಾಗೆಯೇ. ನ್ಯೂಕ್ಲಿಯಸ್‌ನಲ್ಲಿ ಎಷ್ಟು ಪ್ರೋಟಾನ್ ಇವೆ, ಸುತ್ತ ಎಷ್ಟು ಎಲೆಕ್ಟ್ರಾನ್ ಇವೆ ಎಂಬುದರ ಮೇಲೆ ಮೆಟ್ಟಿಲುಗಳ ಎತ್ತರ ಬದಲಾಗುತ್ತದೆ. ಸೋಡಿಯಂನ 11 ಎಲೆಕ್ಟ್ರಾನ್‌ಗಳಲ್ಲಿ ಹತ್ತು ಒಳಗೆ ಭದ್ರವಾಗಿ ಕೂತಿರುತ್ತವೆ. ಹೊರಗಿನ ಒಂಟಿ ಎಲೆಕ್ಟ್ರಾನ್ ಸುಮಾರು 2.1 ಎಲೆಕ್ಟ್ರಾನ್ ವೋಲ್ಟ್‌ನ ಮೆಟ್ಟಿಲು ಹತ್ತಿ ಇಳಿಯುವುದೇ ಒಲೆಯ ಮೇಲಿನ ಹಳದಿ.

2023ರ ಆಗಸ್ಟ್‌ನಲ್ಲಿ ಚಂದ್ರಯಾನ-3ರ ಪ್ರಜ್ಞಾನ್ ರೋವರ್ ಚಂದ್ರನ ದಕ್ಷಿಣ ಧ್ರುವದ ಬಳಿ ಗಂಧಕ ಇದೆ ಎಂದು ಹೇಳಿದ್ದೂ ಹೀಗೆ. ಬೆಂಗಳೂರಿನಲ್ಲಿರುವ ಇಸ್ರೋದ ಎಲೆಕ್ಟ್ರೋ-ಆಪ್ಟಿಕ್ಸ್ ಪ್ರಯೋಗಾಲಯ ತಯಾರಿಸಿದ್ದ ಉಪಕರಣ ಲೇಸರ್‌ನಿಂದ ಮಣ್ಣನ್ನು ಕಾಯಿಸಿ ಹೊಳೆಯುವ ಅನಿಲವಾಗಿಸಿತು, ಎಲೆಕ್ಟ್ರಾನ್‌ಗಳು ಇಳಿಯುವಾಗ ಬಂದ ಗೆರೆಗಳನ್ನು ಓದಿತು. ಮಣ್ಣಿನ ಒಂದು ಕಣವೂ ಭೂಮಿಗೆ ಬರಬೇಕಾಗಲಿಲ್ಲ.

ಹೀರಿದ್ದನ್ನು ಮತ್ತೆ ಬಿಟ್ಟರೂ ಕಪ್ಪು ಏಕೆ?

ಇಲ್ಲಿ ಸಹಜವಾಗಿ ಒಂದು ಅನುಮಾನ ಬರುತ್ತದೆ. ಪಠ್ಯಪುಸ್ತಕಗಳು ಇದನ್ನು ಸಾಮಾನ್ಯವಾಗಿ ಹಾರಿಸಿಬಿಡುತ್ತವೆ. ಪರಮಾಣು ಬೆಳಕನ್ನು ಹೀರಿ ಮೇಲೆ ಹತ್ತುತ್ತದೆ, ಕ್ಷಣದಲ್ಲಿ ಇಳಿದು ಅದೇ ಬೆಳಕನ್ನು ಮತ್ತೆ ಬಿಡುತ್ತದೆ. ಲೆಕ್ಕ ಸರಿಹೋಗಬೇಕಲ್ಲವೇ, ಕಪ್ಪು ಗೆರೆ ಎಲ್ಲಿಂದ ಬಂತು?

ದಿಕ್ಕಿನಿಂದ. ಸೂರ್ಯನಿಂದ ನೇರ ನಮ್ಮ ಕಡೆಗೆ ಹೊರಟಿದ್ದ ಫೋಟಾನ್ ಅನ್ನು ಹೀರಿದ ಪರಮಾಣು ಅದನ್ನು ಮತ್ತೆ ನಮ್ಮ ಕಡೆಗೇ ಬಿಡಬೇಕೆಂದಿಲ್ಲ. ಮೇಲೆ, ಪಕ್ಕಕ್ಕೆ, ಹಿಂದಕ್ಕೆ, ಎತ್ತ ಬೇಕಾದರೂ ಹೋಗಬಹುದು. ಹೀಗಾಗಿ ನಮ್ಮತ್ತ ಬರುವ ಆ ಒಂದು ಬಣ್ಣ ಮಾತ್ರ ಕಡಿಮೆಯಾಗುತ್ತದೆ. ಅಕ್ಕಪಕ್ಕದ ಬಣ್ಣಗಳು ಪ್ರಖರವಾಗಿರುವುದರಿಂದ ಅದು ಕಪ್ಪಾಗಿ ಕಾಣುತ್ತದೆ. ಪೂರ್ತಿ ಕತ್ತಲಲ್ಲ, ಹೋಲಿಕೆಯಲ್ಲಿ ಮಬ್ಬು ಅಷ್ಟೇ.

ಗ್ರಹಣದಲ್ಲಿ ಚಂದ್ರ ಸೂರ್ಯನ ಪ್ರಖರ ಬಿಂಬವನ್ನು ಮರೆಮಾಡುತ್ತಾನೆ. ಉಳಿಯುವುದು ಅಂಚಿನ ತೆಳು ಅನಿಲ ಮಾತ್ರ, ಅದರ ಹಿಂದೆ ಕಪ್ಪು ಆಕಾಶ. ಆಗ ಪಕ್ಕಕ್ಕೆ ಚೆದುರಿದ ಆ ಬಣ್ಣಗಳೇ ಹೊಳೆಯುವ ಗೆರೆಗಳಾಗಿ ಕಾಣುತ್ತವೆ. ಎದುರಿಗೆ ನಿಂತು ನೋಡಿದರೆ ಕಪ್ಪು, ಅಂಚಿನಲ್ಲಿ ನೋಡಿದರೆ ಬೆಳಕು.

ಕಿತ್ತಳೆ ಗೆರೆಯ ಗುಟ್ಟು

ಹರ್ಷಲ್ ಕಂಡ ಕೆಂಪು, ನೀಲಿ ಗೆರೆಗಳು ಸಾಮಾನ್ಯ ಬಿಸಿಲಿನಲ್ಲೂ ಕಪ್ಪು ಗೆರೆಗಳಾಗಿ ಸಿಗುತ್ತವೆ. ಕಿತ್ತಳೆ ಮಾತ್ರ ಸಿಗುವುದಿಲ್ಲ.

ಅಂದು ಗುಂಟೂರಿನಲ್ಲಿ ಫ್ರಾನ್ಸ್‌ನ ಜಾನ್ಸೆನ್, ಮಚಲಿಪಟ್ಟಣದಲ್ಲಿ ಮದ್ರಾಸ್ ವೀಕ್ಷಣಾಲಯದ ಪೋಗ್ಸನ್ ಇದ್ದರು. ಗುಂಟೂರಿನಲ್ಲಿ ಹೀಲಿಯಂ ಪತ್ತೆಯಾಯಿತು ಎಂದು ಒಂದೇ ಸಾಲಿನಲ್ಲಿ ಬರೆಯುವುದು ರೂಢಿ. ಆದರೆ ಗ್ರಹಣ ನೋಡಿದ ಯಾರೂ ಅಂದು ಹೊಸ ಧಾತು ಸಿಕ್ಕಿತು ಎಂದು ಹೇಳಿರಲಿಲ್ಲ. ಜಾನ್ಸೆನ್ ಅವರ ದೊಡ್ಡ ಕೊಡುಗೆ ಬೇರೆ: ಗ್ರಹಣವಿಲ್ಲದಾಗಲೂ ಈ ಗೆರೆಗಳನ್ನು ನೋಡಬಹುದು ಎಂದು ಅವರು ಕಂಡುಕೊಂಡರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಇಂಗ್ಲೆಂಡ್‌ನ ನಾರ್ಮನ್ ಲಾಕಿಯರ್ ಸ್ವತಂತ್ರವಾಗಿ ಅದೇ ಕೆಲಸ ಮಾಡಿ, ಆ ಗೆರೆ ಸೋಡಿಯಂ ಜೋಡಿಯ ಪಕ್ಕದಲ್ಲಿದೆಯೇ ಹೊರತು ಅದರ ಮೇಲಿಲ್ಲ ಎಂದು ತೋರಿಸಿದರು. ಅದರ ಜಾಗ 587.6 ನ್ಯಾನೊಮೀಟರ್. ಸೋಡಿಯಂಗೂ ಇದಕ್ಕೂ ಇರುವ ಅಂತರ ನಾನೂರರಲ್ಲಿ ಒಂದು ಪಾಲಿನಷ್ಟು. ಕೆಲವೇ ನಿಮಿಷಗಳ ಗ್ರಹಣದಲ್ಲಿ ಹರ್ಷಲ್ ಅವರಿಗೆ ಅದು ತಿಳಿಯದೇ ಹೋದದ್ದರಲ್ಲಿ ಆಶ್ಚರ್ಯವಿಲ್ಲ. ಗ್ರೀಕ್ ಭಾಷೆಯ ಸೂರ್ಯನ ಹೆಸರಿನಿಂದ ಲಾಕಿಯರ್ ಇದಕ್ಕೆ ಹೀಲಿಯಂ ಎಂದರು. 1895ರಲ್ಲಿ ಲಂಡನ್‌ನಲ್ಲಿ ವಿಲಿಯಂ ರಾಮ್ಸೆ ಯುರೇನಿಯಂ ಖನಿಜವೊಂದರಿಂದ ಅದನ್ನು ಹೊರತೆಗೆಯುವವರೆಗೂ ಅನೇಕರು ನಂಬಿರಲಿಲ್ಲ.

ಸೂರ್ಯನ ತೂಕದಲ್ಲಿ ಸುಮಾರು ಕಾಲು ಪಾಲು ಹೀಲಿಯಂ. ಅಷ್ಟಿದ್ದೂ ಬಿಸಿಲಿನಲ್ಲಿ ಅದರ ಕಪ್ಪು ಗೆರೆ ಕಾಣದಿರಲು ಕಾರಣ ಅದರ ಮೆಟ್ಟಿಲುಗಳು. ಕಿತ್ತಳೆ ಗೆರೆ ಹುಟ್ಟುವುದು ತಳದಲ್ಲಿ ಅಲ್ಲ, ತಳದಿಂದ ಸುಮಾರು 21 ಎಲೆಕ್ಟ್ರಾನ್ ವೋಲ್ಟ್ ಮೇಲಿರುವ ಒಂದು ಮಟ್ಟ ಮತ್ತು ಸುಮಾರು 23ರಲ್ಲಿರುವ ಇನ್ನೊಂದರ ನಡುವೆ. ಆ ಬೆಳಕನ್ನು ಹೀರಬೇಕಾದರೆ ಎಲೆಕ್ಟ್ರಾನ್ ಮೊದಲೇ 21ರ ಮೆಟ್ಟಿಲಿನಲ್ಲಿ ನಿಂತಿರಬೇಕು. ಸೂರ್ಯನ ಮೇಲ್ಮೈಯ ಸುಮಾರು 5,500 ಡಿಗ್ರಿ ಸೆಲ್ಸಿಯಸ್ ಶಾಖ ಅಷ್ಟು ಎತ್ತರಕ್ಕೆ ಎತ್ತಲಾರದು. ಮೇಲ್ಮೈಯ ಹೀಲಿಯಂ ಎಲ್ಲ ತಳದಲ್ಲೇ ಕೂತಿರುತ್ತದೆ, ಕಿತ್ತಳೆ ಬೆಳಕು ಅದನ್ನು ಮುಟ್ಟದೆ ಹಾದುಹೋಗುತ್ತದೆ. ಅಂಚಿನ ಅನಿಲದ ಮೇಲಾದರೆ ಹೊರಗಿನ ಕರೋನಾದಿಂದ ಪ್ರಬಲ ನೇರಳಾತೀತ ಕಿರಣಗಳು ಬೀಳುತ್ತವೆ. ಅಲ್ಲಿ ಎಲೆಕ್ಟ್ರಾನ್‌ಗಳು ಕಿತ್ತುಹೋಗಿ, ಮತ್ತೆ ಸೆರೆಯಾಗಿ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವಾಗ ಕಿತ್ತಳೆ ಹೊಳೆಯುತ್ತದೆ.

ಗೆರೆ ದಪ್ಪಗಿದ್ದರೆ ಧಾತು ಹೆಚ್ಚಿದೆಯೇ?

ಹಾಗೆಂದೇ ಎಲ್ಲರೂ ತಿಳಿದಿದ್ದರು. ಸೂರ್ಯನ ಬೆಳಕಿನಲ್ಲಿ ಕಬ್ಬಿಣದ ಗೆರೆಗಳು ಸಾವಿರಾರು, ಕ್ಯಾಲ್ಸಿಯಂನ ಎರಡು ಗೆರೆಗಳು ಎಲ್ಲಕ್ಕಿಂತ ಗಾಢ. ಹೀಗಾಗಿ ಸೂರ್ಯನೂ ಭೂಮಿಯಂಥದ್ದೇ ವಸ್ತುಗಳಿಂದಾದ, ತುಂಬಾ ಕಾದ ಗೋಳ ಎಂಬ ನಂಬಿಕೆ 20ನೇ ಶತಮಾನದ ಆರಂಭದಲ್ಲೂ ಇತ್ತು.

ಇದನ್ನು ಸರಿಪಡಿಸಲು ಬೇಕಿದ್ದ ಸಮೀಕರಣ ಬಂದದ್ದು ಕಲ್ಕತ್ತದಿಂದ. 1920ರಲ್ಲಿ ಮೇಘನಾದ ಸಹಾ, ಇಂತಿಷ್ಟು ಶಾಖ ಮತ್ತು ಒತ್ತಡದಲ್ಲಿ ಒಂದು ಧಾತುವಿನ ಎಷ್ಟು ಪರಮಾಣುಗಳು ಎಲೆಕ್ಟ್ರಾನ್ ಕಳೆದುಕೊಂಡಿರುತ್ತವೆ ಎಂದು ಲೆಕ್ಕ ಹಾಕುವ ದಾರಿ ತೋರಿಸಿದರು. ಯಾವ ಮೆಟ್ಟಿಲಿನಲ್ಲಿ ಎಷ್ಟು ಎಲೆಕ್ಟ್ರಾನ್‌ಗಳು ನಿಂತಿವೆ ಎಂಬ ಹಾಜರಿ ಪುಸ್ತಕ ಇದ್ದಂತೆ. ಗೆರೆಯ ಗಾಢತೆ ಧಾತುವಿನ ಪ್ರಮಾಣವನ್ನಷ್ಟೇ ಹೇಳುವುದಿಲ್ಲ, ಸರಿಯಾದ ಮೆಟ್ಟಿಲಿನಲ್ಲಿ ಎಷ್ಟು ಮಂದಿ ಹಾಜರಿದ್ದಾರೆ ಎಂಬುದನ್ನೂ ಹೇಳುತ್ತದೆ.

ಇಂಗ್ಲೆಂಡ್‌ನಿಂದ ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯಕ್ಕೆ ಹೋಗಿದ್ದ ಸಿಸಿಲಿಯಾ ಪೇನ್ 1925ರ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ಸಹಾ ಸಮೀಕರಣವನ್ನು ನಕ್ಷತ್ರಗಳ ಗೆರೆಗಳಿಗೆ ಹಚ್ಚಿದರು. ಆಗ ಅವರಿಗೆ 25 ವರ್ಷ. ಹೈಡ್ರೋಜನ್‌ನ ಕೆಂಪು, ನೀಲಿ ಬೆಳಕನ್ನು ಹೀರಲು ಎಲೆಕ್ಟ್ರಾನ್ 10.2 ಎತ್ತರದ ಎರಡನೇ ಮೆಟ್ಟಿಲಿನಲ್ಲಿರಬೇಕು. ಸೂರ್ಯನ ಮೇಲ್ಮೈ ಶಾಖದಲ್ಲಿ ಹಾಗಿರುವುದು ಸುಮಾರು 20 ಕೋಟಿ ಪರಮಾಣುಗಳಲ್ಲಿ ಒಂದು. ಅಷ್ಟು ಕಡಿಮೆ ಹಾಜರಿಯಲ್ಲೂ ಗೆರೆ ಎದ್ದು ಕಾಣುತ್ತಿದೆ ಎಂದರೆ ಒಟ್ಟು ಹೈಡ್ರೋಜನ್ ಎಷ್ಟಿರಬೇಕು! ಕ್ಯಾಲ್ಸಿಯಂನದ್ದು ತಿರುಗು ಕಥೆ. ಅಲ್ಲಿ ಒಂದು ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣುಗಳೇ ಹೆಚ್ಚು, ಅವು ತಳದ ಮೆಟ್ಟಿಲಿನಿಂದಲೇ ಬೆಳಕು ಹೀರುತ್ತವೆ. ಬಹುತೇಕ ಎಲ್ಲವೂ ಹಾಜರ್. ನಿಜದಲ್ಲಿ ಸೂರ್ಯನಲ್ಲಿ ಒಂದು ಕ್ಯಾಲ್ಸಿಯಂ ಪರಮಾಣುವಿಗೆ ನಾಲ್ಕು ಲಕ್ಷಕ್ಕೂ ಹೆಚ್ಚು ಹೈಡ್ರೋಜನ್ ಪರಮಾಣುಗಳಿವೆ.

ಅಭಿಜಿತ್ ನಕ್ಷತ್ರದಲ್ಲಿ ಹೈಡ್ರೋಜನ್ ಗೆರೆಗಳು ಸೂರ್ಯನಿಗಿಂತ ಎಷ್ಟೋ ಗಾಢವಾಗಿವೆ. ಅಲ್ಲಿ ಹೈಡ್ರೋಜನ್ ಹೆಚ್ಚಿರುವುದಕ್ಕಲ್ಲ, ಅದರ ಮೇಲ್ಮೈ 9,000 ಡಿಗ್ರಿಗಿಂತ ಬಿಸಿ ಇರುವುದಕ್ಕೆ.

ಆ ಕಾಲದ ದೊಡ್ಡ ಖಗೋಳ ವಿಜ್ಞಾನಿ ಹೆನ್ರಿ ನೋರಿಸ್ ರಸೆಲ್ ಪೇನ್ ಅವರ ಉತ್ತರವನ್ನು ಒಪ್ಪಲಿಲ್ಲ. ಹೈಡ್ರೋಜನ್, ಹೀಲಿಯಂ ಬಗ್ಗೆ ತಮಗೆ ಸಿಕ್ಕ ಅಂಕಿಗಳು ನಿಜವಲ್ಲದಿರಬಹುದು ಎಂಬ ಮಾತನ್ನು ಪೇನ್ ಪ್ರಬಂಧದಲ್ಲಿ ಸೇರಿಸಬೇಕಾಯಿತು. ನಾಲ್ಕು ವರ್ಷಗಳ ನಂತರ ರಸೆಲ್ ಬೇರೆ ದಾರಿಯಲ್ಲಿ ಲೆಕ್ಕ ಹಾಕಿ ಅದೇ ಉತ್ತರಕ್ಕೆ ಬಂದರು, ಪೇನ್ ಅವರ ಕೆಲಸವನ್ನು ಉಲ್ಲೇಖಿಸಿಯೂ ಇದ್ದರು. ಆದರೂ ಬಹುಕಾಲ ಹೆಸರು ಬಂದದ್ದು ಹೆಚ್ಚಾಗಿ ಅವರಿಗೇ. ವಿಜ್ಞಾನದ ಇತಿಹಾಸದಲ್ಲಿ ಇಂಥದ್ದು ಹೊಸದೇನಲ್ಲ ಎಂದು ಸುಮ್ಮನಾಗುವುದು ಕಷ್ಟ.

ಇಲ್ಲದ ಧಾತು, ಇರುವ ಕಬ್ಬಿಣ

ಹೀಲಿಯಂ ಸಿಕ್ಕ ಮರುವರ್ಷ, 1869ರ ಗ್ರಹಣದಲ್ಲಿ ಅಮೆರಿಕದ ವೀಕ್ಷಕರಿಗೆ ಕರೋನಾದಲ್ಲಿ ಹಸಿರು ಗೆರೆಯೊಂದು ಕಂಡಿತು. ಜಾಗ 530.3 ನ್ಯಾನೊಮೀಟರ್. ಗೊತ್ತಿದ್ದ ಯಾವ ಧಾತುವಿಗೂ ಹೊಂದಲಿಲ್ಲ. ಹಾಗಾದರೆ ಇನ್ನೊಂದು ಹೊಸ ಧಾತು ಎಂದು ಅದಕ್ಕೆ 'ಕರೋನಿಯಂ' ಎಂಬ ಹೆಸರೂ ಬಂತು. ಆದರೆ ಆವರ್ತ ಕೋಷ್ಟಕ ತುಂಬುತ್ತಾ ಹೋದಂತೆ ಅದಕ್ಕೆ ಮನೆಯೇ ಉಳಿಯಲಿಲ್ಲ.

1939ರಲ್ಲಿ ಜರ್ಮನಿಯ ವಾಲ್ಟರ್ ಗ್ರೋಟ್ರಿಯಾನ್ ಸುಳಿವು ಕೊಟ್ಟರು, 1940ರ ದಶಕದ ಆರಂಭದಲ್ಲಿ ಸ್ವೀಡನ್‌ನ ಬೆಂಗ್ಟ್ ಎಡ್ಲೆನ್ ಖಚಿತಪಡಿಸಿದರು. ಅದು ಕಬ್ಬಿಣ. ತನ್ನ 26 ಎಲೆಕ್ಟ್ರಾನ್‌ಗಳಲ್ಲಿ 13 ಅನ್ನು ಕಳೆದುಕೊಂಡ ಕಬ್ಬಿಣ!

ಸೋಡಿಯಂ ಜೋಡಿಯನ್ನು ನೆನಪಿಡಿ ಎಂದಿದ್ದೆವು. ಸೋಡಿಯಂನ ಮೇಲಿನ ಮೆಟ್ಟಿಲು ನಿಜವಾಗಿ ಒಂದಲ್ಲ, ಎಲೆಕ್ಟ್ರಾನ್‌ನ ಸ್ಪಿನ್ ಗುಣದಿಂದಾಗಿ ಅದು ಎರಡಾಗಿ ಸೀಳಿದೆ. ಸೀಳಿನ ಅಂತರ ಎಲೆಕ್ಟ್ರಾನ್ ವೋಲ್ಟ್‌ನ ಸಾವಿರದಲ್ಲಿ ಎರಡು ಪಾಲು ಮಾತ್ರ. ಗೆರೆ ಎರಡಾಗಿ ಕಾಣುವುದು ಅದಕ್ಕೇ. 13 ಎಲೆಕ್ಟ್ರಾನ್ ಉಳಿದ ಕಬ್ಬಿಣದಲ್ಲೂ ಹೊರಗಿನ ಎಲೆಕ್ಟ್ರಾನ್‌ನ ಮೆಟ್ಟಿಲಿಗೆ ಇದೇ ಬಗೆಯ ಸೀಳಿದೆ. ಆದರೆ ಅಲ್ಲಿ ನ್ಯೂಕ್ಲಿಯಸ್‌ನ ಸೆಳೆತ ಎಷ್ಟೋ ಬಲವಾದ್ದರಿಂದ ಸೀಳು ಸಾವಿರ ಪಟ್ಟು ಮೀರಿ ಅಗಲವಾಗಿ 2.34 ಎಲೆಕ್ಟ್ರಾನ್ ವೋಲ್ಟ್ ಆಗಿದೆ. ಸೀಳಿನ ಮೇಲ್ಭಾಗದಿಂದ ಕೆಳಭಾಗಕ್ಕೆ ಇಳಿಯುವುದೇ ಹಸಿರು ಗೆರೆ. ಈ ಇಳಿತ ಪರಮಾಣುವಿನ ಲೆಕ್ಕದಲ್ಲಿ ಬಹಳ ನಿಧಾನ. ಭೂಮಿಯ ಮೇಲಿನಂಥ ದಟ್ಟ ಅನಿಲದಲ್ಲಿ ಇಳಿಯುವ ಮೊದಲೇ ಇನ್ನೊಂದು ಕಣ ಬಂದು ಡಿಕ್ಕಿ ಹೊಡೆಯುತ್ತದೆ. ಕರೋನಾದಲ್ಲಿ ಅನಿಲ ತೀರಾ ವಿರಳ, ಎಲೆಕ್ಟ್ರಾನ್‌ಗೆ ಸಮಯ ಸಿಗುತ್ತದೆ.

ಕಬ್ಬಿಣದಿಂದ 13 ಎಲೆಕ್ಟ್ರಾನ್ ಕೀಳಲು ಹತ್ತಿಪ್ಪತ್ತು ಲಕ್ಷ ಡಿಗ್ರಿ ಶಾಖ ಬೇಕು. ಕೆಳಗಿನ ಮೇಲ್ಮೈ 5,500 ಡಿಗ್ರಿ, ಅದರ ಮೇಲಿನ ಕರೋನಾ ಲಕ್ಷಾಂತರ ಡಿಗ್ರಿ. ಒಲೆಯಿಂದ ದೂರ ಹೋದಂತೆ ಬಿಸಿ ಹೆಚ್ಚಿದರೆ ಹೇಗೋ ಹಾಗೆ. ಇದು ಹೇಗೆ ಸಾಧ್ಯ ಎಂಬುದಕ್ಕೆ ಪೂರ್ತಿ ಒಪ್ಪಿತವಾದ ಉತ್ತರ ಇನ್ನೂ ಸಿಕ್ಕಿಲ್ಲ.

2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1 ನೌಕೆ ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದಲ್ಲಿದೆ. ಪುಣೆಯ ಐಯುಕಾ ಸಂಸ್ಥೆ ರೂಪಿಸಿದ ಅದರ ದೂರದರ್ಶಕ ಸೂರ್ಯನನ್ನು ನೇರಳಾತೀತ ಬೆಳಕಿನಲ್ಲಿ ನೋಡುತ್ತದೆ. ಅದರ ಇನ್ನೊಂದು ಉಪಕರಣ ವಿಇಎಲ್‌ಸಿ. ಅದನ್ನು ತಯಾರಿಸಿದ್ದು ಮದ್ರಾಸ್ ವೀಕ್ಷಣಾಲಯದ ಪರಂಪರೆಯಿಂದಲೇ ಬೆಳೆದ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಸೂರ್ಯನ ಬಿಂಬವನ್ನು ಮರೆಮಾಡಿ, ಚಂದ್ರನಿಗಾಗಿ ಕಾಯದೆ ಕೃತಕ ಗ್ರಹಣ ಮಾಡಿಕೊಳ್ಳುವುದು ಇದರ ರೀತಿ. ಅದು ಬಿಡಿಸಿ ಅಳೆಯುವ ಗೆರೆಗಳಲ್ಲಿ ಒಂದು ಆ 530.3 ನ್ಯಾನೊಮೀಟರ್‌ನ ಹಸಿರು.